ಅಧ್ಯಕ್ಷೆಯ ಪಕ್ಕದ ಕುರ್ಚಿ

ಸೆಪ್ಟೆಂಬರ್ 2, ಬೆಳಿಗ್ಗೆ

ವಾರದ ಮೇಲೆ ನಳಕ್ಕೆ ನೀರು ಬಂತು. ಅದೂ ಮೇಲಿನ ಓಣಿಗೆ ಮಾತ್ರ. ಕೆಳಗಿನ ಓಣಿಯ ಹೆಂಗಸರು ಖಾಲಿ ಕೊಡ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ಹುಮೇರಾಬೀ, ನಿಮ್ಮನಿ ನಳಕ್ಕ ನೀರು ಬಂದಾವ, ನಮಗ್ಯಾಕ ಇಲ್ರಿ?"

ನಮ್ಮ ಟ್ಯಾಂಕಿನಿಂದಲೇ ತುಂಬಿಸಿಕೊಳ್ಳಿ ಎಂದೆ. ವಾಲ್ವ್ ಬಿಡುವವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಯಾಕೆ ಎತ್ತುತ್ತಾನೆ? ನಾನು ಹೆಸರಿಗೆ ಪುರಸಭೆ ಸದಸ್ಯೆ. ಒಂದು ವರ್ಷದ ಮೇಲಾಯಿತು, ಅಧ್ಯಕ್ಷರಿಲ್ಲ, ಸಭೆ ಇಲ್ಲ. ಕುರ್ಚಿ ಯಾವ ವರ್ಗಕ್ಕೆ ಎನ್ನುವ ಮೀಸಲಾತಿ ರೋಸ್ಟರ್ ಕೋರ್ಟಿನಲ್ಲಿ. ನಮ್ಮೂರು ನಡೆಸುವವರು ರಾಯಚೂರಿನಲ್ಲಿ ಕೂತ ಸಾಹೇಬರು. ಅವರಿಗೆ ಕೆಳಗಿನ ಓಣಿ ಯಾವುದು, ಮೇಲಿನದ್ಯಾವುದು…

ಈ ಸಲ 'ಹಿಂದುಳಿದ ವರ್ಗ ಮಹಿಳೆ' ಬರುತ್ತದೆ ಎಂದು ಎಲ್ಲರ ಬಾಯಲ್ಲೂ ಇದೆ. ಅಂದರೆ ನಾನೇ. ಎರಡು ಸಲ ಗೆದ್ದ ಹೆಂಗಸು ನಾನೊಬ್ಬಳೇ. ಅಧ್ಯಕ್ಷರ ಕುರ್ಚಿಯ ಮೇಲಿನ ಹಳೇ ಟವೆಲ್ ತೆಗೆಸಬೇಕು ಎಂದು ಈಗಲೇ ಯೋಚನೆ. ಕೂಸು ಹುಟ್ಟುವ ಮೊದಲೇ ಕುಲಾವಿ! ಯಾರಿಗೂ ಹೇಳಿಲ್ಲ, ಇಲ್ಲಿ ಬರೆದಿದ್ದೇನೆ ಅಷ್ಟೆ.

ಸೆಪ್ಟೆಂಬರ್ 4

ರೋಸ್ಟರ್ ಬಂತು. ಅಧ್ಯಕ್ಷ — ಪರಿಶಿಷ್ಟ ಜಾತಿ ಮಹಿಳೆ. ಉಪಾಧ್ಯಕ್ಷ — ಸಾಮಾನ್ಯ.

ಸದಸ್ಯರಲ್ಲಿ ಆ ಮೀಸಲಿನ ಹೆಂಗಸರು ಇಬ್ಬರಿದ್ದರು. ಒಬ್ಬರು ಹೋದ ವರ್ಷ ತೀರಿಕೊಂಡರು. ಉಳಿದವಳು ದೇವದುರ್ಗ ರಸ್ತೆಯ ಹೊಸ ಬಡಾವಣೆಯ ಪ್ರಿಯದರ್ಶಿನಿ. ಪಕ್ಷೇತರಳು. ಇದೇ ಮೊದಲ ಸಲ ಗೆದ್ದವಳು. ಎಂ.ಎ., ಬಿ.ಎಡ್. ಚುನಾವಣೆ ಇಲ್ಲ, ಕೈಕಾಲು ಹಿಡಿಯುವುದೂ ಬೇಡ. ನಾಮಪತ್ರ ಹಾಕಿದರೆ ಸಾಕು, ಅಧ್ಯಕ್ಷೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನೂ ಪುರಸಭೆಗೆ ಬಂದದ್ದು ಮಹಿಳಾ ಮೀಸಲಿನಿಂದಲೇ. ಅದು ನೆನಪಾಯಿತು. ನೆನಪಾದರೂ ಹೊಟ್ಟೆಕಿಚ್ಚು ಆರಲಿಲ್ಲ.

ಸೆಪ್ಟೆಂಬರ್ 8

ನಮ್ಮ ಗುಂಪಿನ ಮುಖಂಡ ವೆಂಕೋಬಣ್ಣ ಮನೆಗೆ ಬಂದಿದ್ದ. ಚಹಾ ಬಸಿಯಲ್ಲಿ ಸುರಿದುಕೊಂಡು ಕುಡಿಯುತ್ತಾ ಹೇಳಿದ — ಆ ಹುಡುಗಿ ನಮ್ಮ ಗುಂಪಿಗೆ ಬರಲು ಒಪ್ಪಿದ್ದಾಳೆ. ಉಪಾಧ್ಯಕ್ಷ ಸ್ಥಾನ ನನಗೇ ಕೊಡಿಸುತ್ತಾನಂತೆ. ಹದಿನೆಂಟಕ್ಕೆ ಆಯ್ಕೆ. ಅಲ್ಲಿಯವರೆಗೆ ಎಲ್ಲರೂ ಟೂರ್. ಎದುರು ಗುಂಪಿನವರು ಸದಸ್ಯರನ್ನು ಎತ್ತಿಕೊಂಡು ಹೋಗದಂತೆ ಊರಾಚೆ ಇಡುವುದಕ್ಕೆ ನಮ್ಮಲ್ಲಿ ಟೂರ್ ಎನ್ನುತ್ತಾರೆ.

"ನೀವು ಆಕಿ ಜೊತಿಗೇ ರೂಮಿನ್ಯಾಗ ಇರ್ರಿ. ಎಲ್ಲಾರ ಫೋನೂ ನಿಮ್ಮ ಹಂತ್ಯಾಕೇ ಇರ್ಲಿ. ಆಕಿ ಕೈತಪ್ಪಿದ್ರ ಎಲ್ಲಾ ಹೋತು."

ಬೆಕ್ಕನ್ನು ಹಾಲಿಗೆ ಕಾವಲಿಟ್ಟ ಹಾಗಾಯಿತು. ಅವನು ಹೋದ ಮೇಲೆ ನನ್ನ ಗಂಡ ಸಮೀಉಲ್ಲಾ ನಿಧಾನಕ್ಕೆ ಹೇಳಿದರು. ಅಧ್ಯಕ್ಷ ಸ್ಥಾನಕ್ಕೆ ಯಾರೂ ನಾಮಪತ್ರ ಹಾಕದಿದ್ದರೆ ಅದು ಖಾಲಿ ಉಳಿಯುತ್ತದೆ. ಆಗ ಉಪಾಧ್ಯಕ್ಷರೇ ಪ್ರಭಾರ ಅಧ್ಯಕ್ಷರು. ಅದೇ ಚೇಂಬರ್, ಅದೇ ಕಾರು, ಅದೇ ಸಹಿ.

ಹೇಳಬಾರದಿತ್ತು ಅವರು.

ಸೆಪ್ಟೆಂಬರ್ 14, ಹೈದರಾಬಾದ್ ಹೊರಗೆ

ರೆಸಾರ್ಟ್. ಈಜುಕೊಳ ಇದೆ, ಇಳಿಯುವವರಿಲ್ಲ. ಗಂಡಸರು ಇಸ್ಪೀಟ್. ಪ್ರಿಯದರ್ಶಿನಿ ಮಂಚದ ಮೇಲೆ ಪುರಸಭೆಯ ಆಯವ್ಯಯ ಹರಡಿಕೊಂಡು ಕೂತಿದ್ದಾಳೆ. ಮಳಿಗೆ ಬಾಡಿಗೆ ಏಕೆ ಇಷ್ಟು ಬಾಕಿ, ಸಂತೆ ಕರ ವಸೂಲಿಯ ಗುತ್ತಿಗೆ ಪ್ರತಿ ವರ್ಷ ಒಬ್ಬನಿಗೇ ಏಕೆ ಎಂದು ನನ್ನನ್ನು ಕೇಳುತ್ತಾಳೆ. ಆ ಒಬ್ಬ ವೆಂಕೋಬಣ್ಣನ ಭಾವಮೈದುನ. ಗೊತ್ತಿಲ್ಲ ಎಂದೆ.

ನಾನು ಸದಸ್ಯೆಯಾಗಿ ಇಷ್ಟು ವರ್ಷ ಆಯವ್ಯಯ ಪೂರ್ತಿ ಓದಿಲ್ಲ. ಅದಕ್ಕೂ ಉರಿ.

ಒಳ್ಳೆಯ ಹುಡುಗಿ. ನನ್ನ ಕಾಲು ನೋವು ಕಂಡು ಎಣ್ಣೆ ಬಿಸಿ ಮಾಡಿಸಿ ತಂದಳು. "ಹುಮೇರಕ್ಕ, ನೀವು ಇದ್ದೀರಂತ ನನಗ ಧೈರ್ಯ" ಎಂದಳು. ಕೆಟ್ಟವಳಾಗಿದ್ದರೆ ಎಷ್ಟು ಸುಲಭ ಇರುತ್ತಿತ್ತು.

ಸೆಪ್ಟೆಂಬರ್ 16, ಮಧ್ಯಾಹ್ನ

ನನ್ನ ಬ್ಯಾಗಿನಲ್ಲಿ ಅವಳ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಎತ್ತಿದೆ. ಅವಳ ತಮ್ಮ ಅಂಬರೀಶ.

"ಅಕ್ಕಗ ಹೇಳ್ರೀ ಮೇಡಮ್, ಟೀಚರ್ ಪೋಸ್ಟಿನ ಪಟ್ಟಿನ್ಯಾಗ ಆಕಿ ಹೆಸರು ಬಂದದ. ಕೌನ್ಸೆಲಿಂಗು ರಾಯಚೂರಾಗ ಅದ. ಹದಿನೆಂಟಕ್ಕ, ಮುಂಜಾನಿ. ಹೋಗಲಿಲ್ಲಂದ್ರ ನೌಕರಿ ಹೋಗ್ತದ್ರೀ!"

ಹದಿನೆಂಟು. ಆಯ್ಕೆಯ ದಿನವೇ.

ಮೊದಲು ಬಂದ ಯೋಚನೆ — ಈಕೆಗೆ ಸರ್ಕಾರಿ ನೌಕರಿಯೂ ಬೇರೆಯಾ? ಒಬ್ಬಳ ಹಣೆಯಲ್ಲಿ ಎಷ್ಟು ಬರೆಯುತ್ತಾನೆ ದೇವರು? ಎರಡನೆಯದು ಆಮೇಲೆ ಬಂತು. ಅವಳು ರಾಯಚೂರಿಗೆ ಹೋದರೆ ನಾಮಪತ್ರ ಇಲ್ಲ. ಶಿಕ್ಷಕಿಯಾದವಳು ಸದಸ್ಯೆಯಾಗಿರುವಂತೆಯೂ ಇಲ್ಲ. ಕುರ್ಚಿ ನನ್ನದು.

ಹೇಳಿದರೆ ಪುಣ್ಯ. ಲಾಭವೂ ನನಗೇ. ಇಂಥ ಪುಣ್ಯ ಎಲ್ಲಿ ಸಿಗುತ್ತದೆ…

ಸೆಪ್ಟೆಂಬರ್ 17

ಬೆಳಗಿನ ಬಸ್ಸಿಗೆ ಅವಳನ್ನು ನಾನೇ ಹತ್ತಿಸಿದೆ. ಅತ್ತುಬಿಟ್ಟಳು.

"ಸ್ವಂತ ಅಕ್ಕ ಇದ್ರೂ ಇಷ್ಟು ಮಾಡ್ತಿರಲಿಲ್ಲ."

ವೆಂಕೋಬಣ್ಣ ಎದ್ದು ಸಿಟ್ಟಿನಿಂದ ಕುಣಿದಾಡಿದ. ಸ್ನಾನಕ್ಕೆ ಹೋಗಿದ್ದೆ, ಅಷ್ಟರಲ್ಲಿ ಹೋಗಿಬಿಟ್ಟಿದ್ದಾಳೆ ಎಂದೆ. ಸ್ವಲ್ಪ ಹೊತ್ತಿಗೆ ಅವನೂ ಲೆಕ್ಕ ಹಾಕಿ ತಣ್ಣಗಾದ. "ಹೋಗ್ಲಿ ಬಿಡ್ರಿ. ನೀವೇ ಪ್ರಭಾರ." ಊರಿಗೆ ಮರಳುವ ದಾರಿಯುದ್ದಕ್ಕೂ ನನಗೆ ಮುಂದಿನ ಸೀಟು.

ಸೆಪ್ಟೆಂಬರ್ 18, ಸಂಜೆ

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ನಾಮಪತ್ರಕ್ಕೆ ಹನ್ನೆರಡರವರೆಗೆ ಸಮಯ. ಉಪಾಧ್ಯಕ್ಷ ಸ್ಥಾನಕ್ಕೆ ನನ್ನದು ಕೊಟ್ಟಾಗಿತ್ತು. ತಹಶೀಲ್ದಾರರು ಗಡಿಯಾರ ನೋಡುತ್ತಿದ್ದರು. ನಾನೂ. ಹನ್ನೆರಡಕ್ಕೆ ಇನ್ನೇನು ಸ್ವಲ್ಪ ಇದೆ ಎನ್ನುವಾಗ ಹೊರಗೆ ಬೈಕ್ ಸದ್ದು. ತಮ್ಮನ ಬೈಕಿನಿಂದ ಇಳಿದು, ಮುಖವೆಲ್ಲ ಧೂಳು, ಓಡಿ ಬಂದಳು.

ಪಟ್ಟಿಯಲ್ಲಿ ಹೆಸರು ಮೊದಲಿಗೇ ಇತ್ತಂತೆ. ಶಾಲೆ ಆರಿಸಿಕೊಂಡು ನೇರ ಬಂದಿದ್ದಾಳೆ. ಇನ್ನು ಪರಿಶೀಲನೆ, ಜಾತಿ ಪತ್ರದ ಸಿಂಧುತ್ವ, ಅದು ಇದು. ಆರ್ಡರ್ ಕೈಗೆ ಬರಲು ತಿಂಗಳುಗಟ್ಟಲೆ. ಅಲ್ಲಿಯವರೆಗೆ ಅಧ್ಯಕ್ಷೆಯಾಗಲು ಯಾವ ಅಡ್ಡಿಯೂ ಇಲ್ಲ.

ಸರ್ಕಾರಿ ಆರ್ಡರ್ ಅದೇ ದಿನ ಕೈಗೆ ಸಿಗುವುದಿಲ್ಲ ಎಂದು ಊರಿನ ಕೂಸಿಗೂ ಗೊತ್ತು. ಆಸೆಯಲ್ಲಿ ನನಗೆ ಮರೆತೇಹೋಗಿತ್ತು.

ಸಭೆಯ ಎದುರೇ ಹೇಳಿದಳು — "ಹುಮೇರಕ್ಕ ಹೇಳಿ ಬಸ್ ಹತ್ತಿಸಲಿಲ್ಲಂದ್ರ ನನ್ನ ನೌಕರಿ ಹೋಗ್ತಿತ್ತು." ವೆಂಕೋಬಣ್ಣ ನನ್ನ ಕಡೆ ತಿರುಗಿ ನೋಡಿದ ನೋಟ! ಆಮೇಲೆ ನಾಮಪತ್ರ ನನ್ನ ಮುಂದೆ ಇಟ್ಟಳು.

"ಸೂಚಕರು ನೀವೇ ಆಗಬೇಕ್ರಿ ಅಕ್ಕಾ."

ಸಹಿ ಮಾಡಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಎಲ್ಲರಿಗಿಂತ ಜೋರಾಗಿ.

ಸೆಪ್ಟೆಂಬರ್ 19

ಪೇಪರಿನಲ್ಲಿ ಫೋಟೋ. ನಡುವೆ ಅವಳು, ಹಾರ, ನಗು. ಅಂಚಿನಲ್ಲಿ ಒಂದು ಭುಜ, ಅರ್ಧ ದುಪಟ್ಟಾ. ಅದು ನೂತನ ಉಪಾಧ್ಯಕ್ಷೆ.

ಅಕ್ಟೋಬರ್ 23

ಕೆಳಗಿನ ಓಣಿಗೆ ನೀರು ಬಂತು. ಎರಡನೇ ಸಲ, ಹೇಳಿದ ದಿನಕ್ಕೇ. ಅವಳು ವಾಲ್ವಿನವನ ಬೆನ್ನು ಹತ್ತಿ ಊರೆಲ್ಲ ನಡೆದಿದ್ದಾಳೆ. ಮೇಲಿನ ಓಣಿಯ ವಾಲ್ವ್ ಮುಚ್ಚದೆ ಕೆಳಗಿನದಕ್ಕೆ ಒತ್ತಡ ಬರುವುದಿಲ್ಲವಂತೆ. ಮೇಲಿನ ಓಣಿಯಲ್ಲಿ ನಮ್ಮ ಮನೆ ಇದೆ ಎಂದು ಇಷ್ಟು ವರ್ಷ ಯಾರೂ ಮುಚ್ಚಿರಲಿಲ್ಲ. ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಹೆಂಗಸರು ಶೇಂಗಾ ಹೋಳಿಗೆ ಕಟ್ಟಿಕೊಂಡು ಅವಳ ಮನೆಗೆ ಹೋದರು. ನಮ್ಮ ಬಾಗಿಲ ಮುಂದಿನಿಂದಲೇ. ನನ್ನ ವಾರ್ಡು, ನನಗೆ ವೋಟು ಹಾಕಿದ ಹೆಂಗಸರು, ಹೋಳಿಗೆ ಅವಳಿಗೆ. ಒಂದನ್ನು ಅವಳು ನನಗೆ ಕಳಿಸಿಕೊಟ್ಟಳು. ತಿನ್ನಲಿಲ್ಲ. ಸಮೀಉಲ್ಲಾ ತಿಂದು ಚೆನ್ನಾಗಿದೆ ಎಂದರು.

ಡಿಸೆಂಬರ್ 11

ಸಂತೆ ಕರದ ಗುತ್ತಿಗೆಗೆ ಬಹಿರಂಗ ಹರಾಜು ಎಂದು ಅಧ್ಯಕ್ಷೆಯ ಆದೇಶ. ಬರುವ ತಿಂಗಳು. ಸಂತೆಯ ದಿನ ತಾನೇ ಹೋಗಿ ಕಲ್ಲೂರಿನಿಂದ ಬದನೆಕಾಯಿ ತರುವ ಮುದುಕಿಯ ಹತ್ತಿರ ಕೂತು, ನಿನ್ನಿಂದ ಎಷ್ಟು ಕಿತ್ತುಕೊಳ್ಳುತ್ತಾರೆ ಎಂದು ಕೇಳಿದಳಂತೆ. ಹೆಚ್ಚಿಗೆ ಬರುವ ಹಣದಲ್ಲಿ ಸಂತೆ ಕಟ್ಟೆಗೆ ನೆರಳು, ಹೆಂಗಸರಿಗೆ ಶೌಚಾಲಯ.

ವೆಂಕೋಬಣ್ಣ ಉರಿದು ಬೀಳುತ್ತಿದ್ದಾನೆ. ದಿನಾ ನನಗೆ ಫೋನ್. "ಮೇಡಮ್, ಆಕಿ ಆರ್ಡರ್ ಯಾವಾಗ ಬರ್ತದ?"

ಸಂತೆಯಲ್ಲಿ ಶೌಚಾಲಯ ಬೇಕೆಂದು ನಾನೂ ಒಮ್ಮೆ ಹೇಳಿದ್ದೆ, ಮೊದಲ ಸಲ ಗೆದ್ದಾಗ. ನಕ್ಕಿದ್ದರು. ಸುಮ್ಮನಾದೆ. ಈಕೆ ಸುಮ್ಮನಾಗುವುದಿಲ್ಲ. ಅದನ್ನೇ ನೋಡಲಾಗುತ್ತಿಲ್ಲ ನನಗೆ.

ಜನವರಿ 9, ಸಂಜೆ

ಅವಳ ಆರ್ಡರ್ ಬಂತು. ಮಸರಕಲ್ ಶಾಲೆ. ವಾರದೊಳಗೆ ಹಾಜರಾಗಬೇಕು, ಅದಕ್ಕೆ ಮೊದಲು ಸದಸ್ಯತ್ವಕ್ಕೆ ರಾಜೀನಾಮೆ. ಹರಾಜು ಹದಿನೆಂಟಕ್ಕೆ.

ನೇರ ನಮ್ಮ ಅಡುಗೆಮನೆಗೆ ಬಂದಳು. ನಾನು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ. ಕೆಳಗೆ ಕೂತು ಅವಳೂ ಬಿಡಿಸತೊಡಗಿದಳು.

"ಅಕ್ಕಾ, ಯವ್ವ ಹೋಗು ಅಂತಾಳ. ಬಡಾವಣಿ ಮಂದಿ ಬ್ಯಾಡಂತಾರ. ಪುರಸಭೆ ಅವಧಿ ಇನ್ನ ನಾಕು ತಿಂಗಳು ಅದ, ಆಮ್ಯಾಗ ನಾನ್ಯಾರೋ ಏನೋ. ಆದ್ರ ಹರಾಜು ಮಾಡಿ ಹೋಗ್ಬೇಕಂತ ಜೀವ ಎಳೀತದ. ನನಗ ತಿಳೀವಲ್ದು. ನೀವು ಏನಂತೀರಿ ಅದನ್ನ ಮಾಡ್ತೀನಿ."

ಬಾಗಿಲ ಹಿಂದಿನಿಂದ ಸಮೀಉಲ್ಲಾ ಕಣ್ಸನ್ನೆ ಮಾಡಿದರು. ತುಟಿಯಲ್ಲೇ ಅಂದರು — "ಜಾ ಬೋಲ್, ಜಾ!"

ಹೋಗು ಎಂದರೆ ಅವಳ ಬದುಕಿಗೆ ಒಳ್ಳೆಯದು. ಸಾಯುವವರೆಗೆ ಸಂಬಳ, ಗೌರವ. ಸ್ವಂತ ತಂಗಿಯಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಹೋಗು ಎಂದರೆ ಕುರ್ಚಿ ನನ್ನದು, ಅದೂ ಹೌದು. ಇರು ಎನ್ನಲು ಊರೊಂದೇ ಕಾರಣ. ಕೆಳಗಿನ ಓಣಿ, ಕಲ್ಲೂರಿನ ಮುದುಕಿ, ಸಂತೆಯ ನೆರಳು… ಅವಳು ಹೋದ ಮೇಲೆ ಅದನ್ನೆಲ್ಲ ನಾನು ಮಾಡುತ್ತೇನಾ? ಮಾಡುತ್ತೇನೆ ಎಂದು ಬರೆಯಲು ಹೋದೆ. ಪೆನ್ನು ನಿಂತಿತು.

"ಹತ್ತು ದಿನ ತಡಾ ಮಾಡಿ ಹಾಜರಾಗ್ತೀನಂತ ಅರ್ಜಿ ಹಾಕ್ಲೇನಕ್ಕ? ಕೊಡ್ತಾರಂತ ಹೇಳ್ತಾರ" ಎಂದೂ ಕೇಳಿದಳು.

ಕೊಡುತ್ತಾರೆ. ಸಮೀಉಲ್ಲಾರ ಅಕ್ಕನ ಮಗಳು ಗುಲ್ಫಶಾ ಹಾಗೇ ಹದಿನೈದು ದಿನ ತಡವಾಗಿ ಹಾಜರಾದಳು. ಅದು ನನಗೆ ಚೆನ್ನಾಗಿ ಗೊತ್ತು.

"ಮಸರಕಲ್ಲಿಗೆ ಮುಂಜಾನಿ ಬಸ್ ಎಷ್ಟಕ್ಕ ಅದ?" ಎಂದೆ.

ಅವಳು ನಕ್ಕಳು, ಕಣ್ಣಲ್ಲಿ ನೀರು. ಖಾರದ ಕೈಯಲ್ಲೇ ನನ್ನ ಕೈ ಹಿಡಿದುಕೊಂಡಳು.

"ಆತಕ್ಕ, ಹೋಗ್ತೀನಿ. ನೀವಿದ್ದೀರಿ, ಇನ್ನ ಚಿಂತಿಲ್ಲ. ಹರಾಜು ಒಂದು ಬಿಡಬ್ಯಾಡ್ರಿ."

ಬಿಡುವುದಿಲ್ಲ ಎಂದೆ. ಅವಳು ಹೋಗಿ ಇನ್ನೂ ಚಹಾ ಲೋಟ ತೊಳೆದಿಲ್ಲ, ಹೊರಗೆ ವೆಂಕೋಬಣ್ಣನ ಕಾರು ನಿಂತ ಸದ್ದು. ಸಮೀಉಲ್ಲಾ "ಬರ್ರಿ ಅಣ್ಣಾ, ಬರ್ರಿ" ಎನ್ನುತ್ತಿದ್ದಾರೆ. ಒಳಗಿನಿಂದಲೇ ಕೇಳುತ್ತಿದೆ ಅವನ ದನಿ — "ಎಲ್ಲಿ ನಮ್ಮ ಅಧ್ಯಕ್ಷರು?"

ನಾನು ಎದ್ದೆ. ಕನ್ನಡಿಯ ಮುಂದೆ ದುಪಟ್ಟಾ ಸರಿಮಾಡಿಕೊಂಡು "ಬಂದೆ, ಅಣ್ಣಾ" ಎಂದೆ.