ಮಾದರಿ ದನಿ

ಜೂನ್ 9, ಸೋಮವಾರ

ಮಕ್ಕಳ ಇಂಗ್ಲಿಷ್ ವಿಂಗಡಣೆ ಮುಗಿಯಿತು. ಪ್ರತಿ ವರ್ಷದಂತೆ ಮೂರು ಕೋರ್ಸು. ಒಂದನೆಯದು ದೊಡ್ಡ ಓದಿಗೆ ಹೋಗುವವರಿಗೆ — ಕಥೆ, ಪ್ರಬಂಧ, ಚರ್ಚೆ. ಎರಡನೆಯದು ಕಚೇರಿ ಕೆಲಸದ ಇಂಗ್ಲಿಷ್. ಮೂರನೆಯದು ಶಾಲೆ ಮುಗಿದ ಕೂಡಲೇ ದುಡಿಮೆಗೆ ಇಳಿಯುವವರಿಗೆ, ಮತ್ತೆ... ನಾಲಿಗೆ ಹೊರಳದವರಿಗೆ. ಸ್ಟಾಫ್ ರೂಮಿನಲ್ಲಿ ಯಾರೂ ನಂಬರ್ ಹೇಳುವುದಿಲ್ಲ. ಮಹಡಿ, ನಡುಮನೆ, ನೆಲಮಾಳಿಗೆ ಅನ್ನುತ್ತೇವೆ. ತರಗತಿಗಳಿರುವುದೂ ಹಾಗೇ.

ವಿಂಗಡಿಸುವವಳು ನಾನೇ. ಯಾರನ್ನೂ ದೂರುವ ಹಾಗಿಲ್ಲ.

ಮಗಳು ನೆಲಮಾಳಿಗೆಗೆ ಬಿದ್ದಿದ್ದಾಳೆ.

ಓದು ಬರಹ ಪರವಾಗಿಲ್ಲ. ಮಾತು ಮಾತ್ರ ಗಡಿಬಿಡಿ. ವಾಕ್ಯದ ನಡುವೆ ನಗುತ್ತಾಳೆ, ಕೊನೆಯನ್ನು ನುಂಗುತ್ತಾಳೆ. ನಮ್ಮ ಭಾಷೆಯಲ್ಲೂ ಅಷ್ಟೇ. ನನ್ನನ್ನು 'ಅಮ್ಮ' ಎಂದು ಪೂರ್ತಿ ಕರೆಯುವಷ್ಟೂ ಪುರುಸೊತ್ತಿಲ್ಲ — "ಮ್ಮೋ".

ಮೂರನೇ ಕೋರ್ಸಿನ ಮಾಸ್ತರು ಹಿಂದೆ ಸರಕು ಹಡಗಿನಲ್ಲಿದ್ದವರು. ಎಲ್ಲರೂ ಕರೆಯುವುದು ಕ್ಯಾಪ್ಟನ್. ಇದ್ದದ್ದು ಹಡಗಿನ ಉಗ್ರಾಣದಲ್ಲಂತೆ. ಹೆಸರುಗಳನ್ನು ನೋಡಿ ನಕ್ಕರು.

"ಏನ್ ಮೇಡಂ, ಸ್ವಂತ ಮಗಳನ್ನೇ ನನ್ನ ಹಡಗು ಹತ್ತಿಸಿಬಿಟ್ರಾ?"

"ಸ್ವಲ್ಪ ದಿನ ಅಷ್ಟೇ."

"ಎಲ್ಲಾ ಹಾಗೇ ಹೇಳೋದು. ಆಮೇಲೆ ಇಳೀರಿ ಅಂದ್ರೂ ಇಳಿಯಲ್ಲ."

ಜೂನ್ 12, ಗುರುವಾರ

ಮಗಳು ಊಟ ಬಿಟ್ಟು ಎದ್ದಳು. ಅವಳಿಗೆ ಪ್ರಾಣಿಗಳ ಡಾಕ್ಟರ್ ಆಗಬೇಕು. ಚಿಕ್ಕಂದಿನಿಂದ ಅದೊಂದೇ ಮಾತು. ಆ ಓದಿಗೆ ಒಂದನೇ ಕೋರ್ಸು ಕಡ್ಡಾಯ. ನಮ್ಮ ಬೀದಿಯಲ್ಲೊಂದು ಕುಂಟು ನಾಯಿ. ಎಲ್ಲರ ಬಾಗಿಲಿಗೂ ಹೋಗಿ ಬಾಲ ಅಲ್ಲಾಡಿಸುತ್ತದೆಂದು ಪುಢಾರಿ ಅಂತ ಹೆಸರು. ಅದರ ಕಾಲಿಗೆ ಪಟ್ಟಿ ಕಟ್ಟುವುದು ಇವಳೇ. ಎಲ್ಲೇ ಇರಲಿ, ಇವಳು ಕೂಗಿದರೆ ಓಡಿ ಬರುತ್ತದೆ.

ಜುಲೈ ಕೊನೆಯಲ್ಲಿ ಮಾತಿನ ಪರೀಕ್ಷೆ ಇದೆ. ಪಾಸಾದವರು ಮೇಲೆ ಹೋಗಬಹುದು. ದಾರಿ ನನಗೆ ಗೊತ್ತು. ಕೇಳುವ ಕೋಣೆ.

ನಾನೂ ನೆಲಮಾಳಿಗೆಯಿಂದಲೇ ಮೇಲೆ ಬಂದವಳು. ಅದೇ ಕೋಣೆ — ಗೋಡೆಗೆ ಮೆತ್ತೆ, ಕಿಟಕಿ ಇಲ್ಲ, ಸಾಲು ಮೇಜು, ಹೆಡ್‌ಫೋನು. ಅವೇ ಟೇಪು, ಆಗ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ದೊಡ್ಡ ಮಿಸ್ ದನಿಯಲ್ಲಿ. ಅವರು ಹೋದ ವರ್ಷ ತೀರಿಕೊಂಡರು. ಅವರ ಪದ್ಧತಿ ಸುಲಭ: ದನಿ ಮಾತಾಡುವಾಗಲೇ ಅದರ ಜೊತೆಗೆ ಮಾತಾಡಬೇಕು. ನಿಂತು ಯೋಚಿಸಬಾರದು, ಅಂತರ ಬಿಡಬಾರದು. ಪರೀಕ್ಷೆಯಲ್ಲೂ ನಾವು ಅಂಕ ಕೊಡುವುದು ಅದಕ್ಕೇ — 'ಮಾದರಿಗೆ ಹತ್ತಿರ'.

ನಾಳೆಯಿಂದ ಮಗಳು ಅಲ್ಲಿ. ನೆಲಮಾಳಿಗೆಯ ಇನ್ನೂ ಮೂವರನ್ನು ಸೇರಿಸಿದೆ, ಮಗಳೊಬ್ಬಳಿಗೇ ಅಂತ ಮಾತು ಬರಬಾರದು.

ಜೂನ್ 27, ಶುಕ್ರವಾರ

ಸುಧಾರಣೆ ಇದೆ. ತುಂಬಾ ಇದೆ. ವಾಕ್ಯ ಕೊನೆ ಮುಟ್ಟುತ್ತಿದೆ. ನಡುವೆ ನಗು ಇಲ್ಲ.

ಒಂದು ತಮಾಷೆ. ಮಾತು ಶುರು ಮಾಡುವ ಮುಂಚೆ ದೊಡ್ಡ ಮಿಸ್ ಸಣ್ಣಗೆ ಉಸಿರೆಳೆಯುತ್ತಿದ್ದರು, ಬಿಸಿ ಚಹಾ ಹೀರಿದ ಹಾಗೆ. ಟೇಪಿನಲ್ಲೂ ಕೇಳುತ್ತದೆ. ಮಗಳು ಅದನ್ನೂ ಕಲಿತಿದ್ದಾಳೆ. ಬೆಳಗ್ಗೆ "ಸ್... ಟವೆಲ್ ಎಲ್ಲಿ?" ಅಂದಳು. ಇಬ್ಬರೂ ನಕ್ಕೆವು.

ಜುಲೈ 8, ಮಂಗಳವಾರ

ಮಧ್ಯಾಹ್ನ ಕೇಳುವ ಕೋಣೆಗೆ ಹೋದೆ. ತಲೆ ಬಗ್ಗಿಸಿ ಹಾಜರಿ ಕೂಗಿದೆ. ಪ್ರೆಸೆಂಟ್. ಪ್ರೆಸೆಂಟ್. ಪ್ರೆಸೆಂಟ್. ಪ್ರೆಸೆಂಟ್. ಯಾರು ಯಾವುದು ಹೇಳಿದರೆಂದು ತಿಳಿಯಲಿಲ್ಲ. ತಲೆ ಎತ್ತಿ ಇನ್ನೊಮ್ಮೆ ಕೂಗಿದೆ. ಪ್ರತಿಯೊಬ್ಬರ ಬಾಯಿ ಅಲ್ಲಾಡಿತು, ಪ್ರತಿಯೊಬ್ಬರೂ ಮೊದಲು ಚಹಾ ಹೀರಿದರು. ಅವರಲ್ಲೊಬ್ಬ ಗಂಟಲು ಒಡೆದ ಹುಡುಗ. ಅವನದು ಗಂಡು ದನಿಯೇ. ಆದರೂ ಅದೇ ದನಿ. ಹೇಗೆ ಬರೆಯುವುದೋ ಗೊತ್ತಾಗುತ್ತಿಲ್ಲ.

ಕ್ಯಾಪ್ಟನ್ ಮೆಟ್ಟಿಲ ಹತ್ತಿರ ಹಿಡಿದರು.

"ಮೇಡಂ, ಆ ನಾಲ್ಕು ಜನಕ್ಕೆ ಏನು ತಿನ್ನಿಸ್ತಿದೀರಿ?"

"ಯಾಕೆ? ಚೆನ್ನಾಗಿ ಮಾತಾಡ್ತಿಲ್ವಾ?"

"ಅದೇ ತೊಂದ್ರೆ. ಹೋಟೆಲಲ್ಲಿ ರೂಮು ಗಲೀಜಾಗಿದೆ ಅಂತ ಇಂಗ್ಲಿಷಲ್ಲಿ ಜಗಳ ಆಡ್ರೋ ಅಂದೆ. ಉಳಿದವರು ಬೆಂಚು ಗುದ್ದಿ ಕೂಗಾಡಿದ್ರು, ತಪ್ಪೋ ಒಪ್ಪೋ. ಈ ನಾಲ್ಕು ಜನ ಎದ್ದು ನಿಂತು ನನ್ನನ್ನೇ ಬೈದಂಗಾಯ್ತು. ಒಟ್ಟಿಗೆ. ನಾನು ಸಾರಿ ಅಂದ್ಬಿಟ್ಟೆ!"

ನಗುತ್ತಲೇ ಹೇಳಿದರು. ಆದರೆ ಕೈ ಕಂಬಿಯನ್ನು ಬಿಟ್ಟಿರಲಿಲ್ಲ.

ಜುಲೈ 13, ಭಾನುವಾರ

ಇವರ ಫೋನ್. ಕೆಲಸ ದೂರದ ಊರಲ್ಲಿ, ತಿಂಗಳಿಗೊಮ್ಮೆ ಬರುತ್ತಾರೆ. ನಾನು ಬಟ್ಟೆ ಒಣಗಿಸಲು ತಾರಸಿಗೆ ಹೋಗಿದ್ದೆ, ಮಗಳು ಎತ್ತಿದ್ದಾಳೆ. ಸಂಜೆ ನಾನು ಮಾಡಿದಾಗ,

"ಮತ್ತೇನು? ಬೆಳಗ್ಗೆ ಎಲ್ಲಾ ಹೇಳಿದ್ನಲ್ಲ," ಅಂದರು.

"ಯಾರಿಗೆ?"

"ನಿಂಗೇ ಕಣೇ. ಎಷ್ಟೊತ್ತು ಮಾತಾಡಿದ್ವಿ! ಮಗಳು ಮಲಗಿದಾಳಾ ಅಂದ್ರೆ ಹೂಂ ಅಂದೆ."

ತಮಾಷೆ ಮಾಡಿದ್ದಾಳೆ ಅಂದುಕೊಂಡೆ. ಕೇಳಿದೆ. ಮಗಳು ಮುಖ ತಿರುಗಿಸಿದಳು. "ಅಪ್ಪ ನಿನ್ನ ಹೆಸರು ಹಿಡಿದು ಕರೆದರು. ಅಲ್ಲ ಅನ್ನೋಕೆ ಹೋದೆ. ಹೂಂ ಬಂತು."

ತಾಯಿ ಮಗಳ ದನಿ ಫೋನಿನಲ್ಲಿ ಒಂದೇ ಥರ ಕೇಳುವುದು ಸಾಮಾನ್ಯ. ಅಲ್ಲವೇ.

ಜುಲೈ 18, ಶುಕ್ರವಾರ. ಬೆಳಗ್ಗೆ 7

ಬಗ್ಗಿ ಸೀರೆ ಇಸ್ತ್ರಿ ಮಾಡುತ್ತಿದ್ದೆ. ಹಿಂದಿನಿಂದ ಇಂಗ್ಲಿಷಿನಲ್ಲಿ — "ಇರುವೆ, ಬೆನ್ನು ನೆಟ್ಟಗೆ."

ಇಸ್ತ್ರಿ ಪೆಟ್ಟಿಗೆ ಸೆರಗಿನ ಮೇಲೇ ಉಳಿಯಿತು. ಸುಟ್ಟ ಗುರುತು ಬಿದ್ದಿದೆ.

ಇರುವೆ ಅಂತ ಅಡ್ಡಹೆಸರು ಹಿಡಿದು ಕರೆಯುತ್ತಿದ್ದದ್ದು ದೊಡ್ಡ ಮಿಸ್. ನನ್ನೊಬ್ಬಳನ್ನು. ಆ ಕೋಣೆಯಲ್ಲಿ ನಾವಿಬ್ಬರೇ ಇರುವಾಗ. ಯಾರಿಗೂ ಹೇಳಿಕೊಂಡವಳಲ್ಲ, ಹೇಳಿಕೊಳ್ಳುವಂಥ ಹೆಸರೂ ಅಲ್ಲ.

"ಏನಂದೆ?"

ಮಗಳು ಬಾಗಿಲಲ್ಲಿ ನಿಂತಿದ್ದಳು, ತಲೆ ಬಾಚಿಕೊಳ್ಳುತ್ತ. "ನಾನೇನಂದೆ?" ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಜುಲೈ 19, ಶನಿವಾರ

ಶಾಲೆಗೆ ರಜೆ. ಕೇಳುವ ಕೋಣೆಯ ಕೀಲಿ ತಂದು ಎಲ್ಲ ಟೇಪುಗಳನ್ನೂ ಕೇಳಿದೆ. ಮೊದಲಿನಿಂದ ಕೊನೆಯವರೆಗೆ. ರೈಲ್ವೆ ಸ್ಟೇಷನ್ನು, ಅಂಚೆ ಕಚೇರಿ, ಹವಾಮಾನ, ಕಳೆದುಹೋದ ಕೊಡೆ. ಇರುವೆ ಇಲ್ಲ. ಬೆನ್ನೂ ಇಲ್ಲ.

ಏಳುವಾಗ ಗಮನಿಸಿದೆ. ಅಷ್ಟೂ ಹೊತ್ತು ನನ್ನ ಬಾಯಿ ಟೇಪಿನ ಜೊತೆ ಮಾತಾಡುತ್ತಿತ್ತು.

ಜುಲೈ 28, ಸೋಮವಾರ

ಪರೀಕ್ಷೆ. ಮಗಳಿಗೆ ಪೂರ್ತಿ ಅಂಕ. ನಾನು ಹಾಕಿದ್ದಲ್ಲ, ಹೊರಗಿನ ಪರೀಕ್ಷಕರು. 'ಮಾದರಿಗೆ ಹತ್ತಿರ' ಅನ್ನುವ ಕಡೆ ಒಂದು ಸಾಲು ಬರೆದಿದ್ದಾರೆ: ವ್ಯತ್ಯಾಸ ಸಿಗಲಿಲ್ಲ. ಹೆಡ್ ಮಿಸ್ಟ್ರೆಸ್ ಸ್ವೀಟ್ ಹಂಚಿದರು. "ನಿಮ್ಮ ಕೈಗುಣ!" ಅಂದರು.

ಸಂಜೆ ಬೀದಿಯಲ್ಲಿ ಮಗಳು ಪುಢಾರಿಯನ್ನು ಕೂಗಿದಳು. ಅದು ಕಿವಿ ಎತ್ತಿ ಸುತ್ತ ನೋಡಿತು. ಅವಳನ್ನು ನೋಡಿತು, ಬಾಲ ಅಲ್ಲಾಡಿಸಿತು. ಅವಳು ಇನ್ನೊಮ್ಮೆ ಕೂಗಿದಳು. ಬಾಲ ಕಾಲುಗಳ ನಡುವೆ ಸೇರಿತು. ಹಿಂದೆ ಹಿಂದೆ ಸರಿದು, ಗೇಟಿನ ಸಂದಿಯಲ್ಲಿ ತೂರಿ, ಮೂರು ಕಾಲಲ್ಲಿ ಓಡಿಹೋಯಿತು.

ಪಟ್ಟಿ ಬಟ್ಟೆ ಅವಳ ಕೈಯಲ್ಲೇ ಇತ್ತು.

ಜುಲೈ 29, ಮಂಗಳವಾರ

ಮಗಳು ಮಾತು ಬಿಟ್ಟಿದ್ದಾಳೆ. ನಮ್ಮ ಭಾಷೆಯನ್ನೂ. ಮಧ್ಯಾಹ್ನ ಪಕ್ಕದಲ್ಲಿ ಬಂದು ಕೂತಳು. ನನ್ನ ಕಿವಿಗೆ ಬಾಯಿ ಹಚ್ಚಿ ಪಿಸುಗುಟ್ಟಿದಳು. ಪಿಸುಮಾತಿಗೆ ದನಿ ಇರುವುದಿಲ್ಲ. ಅದಕ್ಕೇ ಅದು ಅವಳದ್ದೇ ಅನ್ನಿಸಿತು — ಅದೇ ಗಡಿಬಿಡಿ, ಕೊನೆ ನುಂಗುವುದು.

"ಮ್ಮೋ. ಗಟ್ಟಿಯಾಗಿ ಮಾತಾಡಿದ್ರೆ ಅವರು ಬರ್ತಾರೆ."

"ಯಾರು?"

"ನಾನು ಬಾಯಿ ತೆಗೀತೀನಿ, ಅವರು ಮೊದಲು ಶುರು ಮಾಡ್ತಾರೆ. ನಾನು ಹಿಂದೆ ಹಿಂದೆ ಹೇಳ್ತೀನಿ. ಹಿಡಿಯೋಕಾಗ್ತಿಲ್ಲ."

"ಒಂದನೇ ಕೋರ್ಸು ಸಿಕ್ಕಿತಲ್ಲ ಪುಟ್ಟಾ. ಅಲ್ಲಿ ಹೋದ ಮೇಲೆ ಸರಿ ಹೋಗತ್ತೆ."

"ನಾಯೀನೇ ಹತ್ರ ಬರಲ್ಲ ಅಂದ್ರೆ ಡಾಕ್ಟರಾಗಿ ಏನ್ ಮಾಡ್ಲಿ?"

ಜುಲೈ 30, ಬುಧವಾರ

ಅಕ್ಕನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

"ನೀನೂ ಹಾಗೇ ಆಗಿದ್ದೆ ಕಣೇ."

"ಏನು?"

"ನೀನು ಆ ಕೋಣೆಯಿಂದ ಮೇಲೆ ಬಂದ ವರ್ಷ. ಮನೆಗೆ ಬಂದು ಮಾತಾಡಿದ್ರೆ ಅಮ್ಮ ಅಡುಗೆಮನೆ ಬಾಗಿಲು ಹಾಕ್ಕೊಂಡು ಅಳೋರು. ಯಾರ ಮನೆ ಹೆಂಗಸು ಇದು ನನ್ನ ಮಗಳ ಬಾಯಲ್ಲಿ, ಅಂತ. ಅಪ್ಪ ಗದರಿದ್ರು. ಕಲ್ತು ಮುಂದೆ ಬರ್ತಿದಾಳೆ, ಸುಮ್ನಿರೇ ಅಂದ್ರು. ಆಮೇಲೆ ನಮಗೂ ರೂಢಿ ಆಯ್ತು."

"ಮುಂಚೆ ನನ್ನ ದನಿ ಹೇಗಿತ್ತು?"

"ಹೇಗಿತ್ತು ಅಂದ್ರೆ... ಸ್ವಲ್ಪ ಗೊಗ್ಗರು. ಅಲ್ಲ, ಅದು ಚಿಕ್ಕಪ್ಪನ ಮಗಳದ್ದು." ಒಂದೆರಡು ಥರ ದನಿ ಮಾಡಿ ನೋಡಿದಳು. "ನೆನಪಿಗೇ ಬರ್ತಿಲ್ಲ ಕಣೇ. ನಿಜವಾಗ್ಲೂ."

ಸಂಜೆ ಕೋಣೆಗೆ ಹೋಗಿ ಟೇಪಿನ ಮೊದಲ ಪಾಠ ನಾನು ಓದಿ ರೆಕಾರ್ಡ್ ಮಾಡಿದೆ. ದೊಡ್ಡ ಮಿಸ್ ಟೇಪು, ನನ್ನ ಟೇಪು, ಹಿಂದೆ ಮುಂದೆ ಹಾಕಿ ಕೇಳಿದೆ. ಕಣ್ಣು ಮುಚ್ಚಿ ಕೇಳಿದೆ.

ವ್ಯತ್ಯಾಸ ಸಿಗಲಿಲ್ಲ.

ಆಗಸ್ಟ್ 1, ಶುಕ್ರವಾರ

ಮಗಳು ಬೇಡವೆಂದು ತಾನೇ ಬರೆದುಕೊಟ್ಟಳು. ನಾನು ಸಹಿ ಹಾಕಿದೆ. ಒಂದನೇ ಕೋರ್ಸು ಬಿಟ್ಟು ಮತ್ತೆ ನೆಲಮಾಳಿಗೆಗೆ. ಪ್ರಾಣಿ ಡಾಕ್ಟರ್ ಓದಿಗೆ ಈ ವರ್ಷದ ದಾರಿ ಮುಚ್ಚಿತು. ಮುಂದಿನ ವರ್ಷ ಇನ್ನೊಮ್ಮೆ ಮಾತಿನ ಪರೀಕ್ಷೆ ಕೊಡಬಹುದು, ಸ್ವಂತ ಬಾಯಿಂದ. ಆದರೆ ಗ್ಯಾರಂಟಿ ಇಲ್ಲ.

ಹೆಡ್ ಮಿಸ್ಟ್ರೆಸ್ಸಿಗೆ ಸಿಟ್ಟು. "ತಲೆ ಕೆಟ್ಟಿದೆಯಾ ನಿಮಗೆ? ಕೈಗೆ ಬಂದದ್ದು ಬಿಡ್ತಾರಾ?"

ಟೇಪುಗಳನ್ನು ಪೆಟ್ಟಿಗೆಗೆ ತುಂಬಿ ಗೋಣಿದಾರದಿಂದ ಕಟ್ಟಿಟ್ಟೆ. ಉಳಿದ ಮೂವರಲ್ಲಿ ಇಬ್ಬರ ಮನೆಯವರು ಅಭ್ಯಾಸ ನಿಲ್ಲಿಸಲು ಒಪ್ಪಿದರು. ಗಂಟಲು ಒಡೆದ ಹುಡುಗನ ಅಪ್ಪ ಒಪ್ಪಲಿಲ್ಲ. "ಮಗ ಈಗ ಎಷ್ಟು ಚೆನ್ನಾಗಿ ಮಾತಾಡ್ತಾನೆ! ಫೋನ್ ಮಾಡಿದ್ರೆ ಆಫೀಸಿನವರು ಸರ್ ಅಂತಾರೆ. ಮುಂದುವರಿಸಿ."

ಟೇಪು ಹಾಳಾಗಿದೆ ಅಂದೆ. ಹೆಡ್ ನನ್ನನ್ನೇ ನೋಡಿದರು.

"ಟೇಪು ಯಾಕೆ ಬೇಕು? ನೀವೇ ಇದೀರಲ್ಲ. ಎರಡೂ ಒಂದೇ ಅಲ್ವಾ?"

ಆಗಸ್ಟ್ 12, ಮಂಗಳವಾರ

ಕ್ಯಾಪ್ಟನ್ ತರಗತಿಯಿಂದ ಗಲಾಟೆ ಮಹಡಿವರೆಗೆ ಕೇಳುತ್ತದೆ. ನಲ್ಲಿ ಸೋರುತ್ತಿದೆ ಎಂದು ಮನೆ ಮಾಲೀಕನ ಜೊತೆ ಇಂಗ್ಲಿಷಿನಲ್ಲಿ ಜಗಳ ಆಡುವುದು ಇವತ್ತಿನ ಪಾಠ. ಮಾಲೀಕ ಅವರೇ. ಅವರ ಇಂಗ್ಲಿಷ್ ಏನೂ ಮೆಚ್ಚುವಂಥದ್ದಲ್ಲ, ಅರ್ಧ ಕೈಸನ್ನೆ. ಬಾಗಿಲ ಸಂದಿಯಿಂದ ನೋಡಿದೆ. ಮಗಳು ಬಾಯಿ ತೆರೆದಳು, ಚಹಾ ಹೀರಿದಳು, ನಿಂತಳು.

"ಏಯ್, ಕಾಯಬೇಡ! ಮನೇಲಿ ನೀರು ತುಂಬ್ತಿದೆ! ತಪ್ಪೇ ಹೇಳು, ಬೇಗ ಹೇಳು!" ಅಂತ ಕ್ಯಾಪ್ಟನ್ ಮೇಜಿನ ಮೇಲೆ ನಿಜವಾಗಿಯೂ ಒಂದು ಚೊಂಬು ನೀರು ಸುರಿದರು. ಅದು ಅವಳ ಪುಸ್ತಕದ ಕಡೆ ಹರಿಯಿತು. ಮಗಳು ಕಿರುಚಿದಳು. ಕಾಲವಿಲ್ಲ, ಕರ್ತೃವಿಲ್ಲ, ನಡುವೆ ನಗು, ಕೊನೆ ಇಲ್ಲ. ಇಂಗ್ಲಿಷೋ ಏನೋ.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಆಗಸ್ಟ್ 13, ಬುಧವಾರ

ಹುಡುಗನ ಪಾಠ ಶುರು ಮಾಡಿಲ್ಲ. ಶೀತ ಎಂದಿದ್ದೇನೆ. ತರಗತಿಗಳಲ್ಲೂ ಬೋರ್ಡಿನ ಮೇಲೆ ಬರೆದೇ ಕಳೆಯುತ್ತಿದ್ದೇನೆ. ಅವನು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ವಿನಯದಿಂದ ನಿಲ್ಲುತ್ತಾನೆ. ಇವತ್ತು ಇಂಗ್ಲಿಷಿನಲ್ಲಿ ಕೇಳಿದ: "ಇರುವೆ, ಯಾವಾಗ ಶುರು ಮಾಡೋಣ?"

ಆಗಸ್ಟ್ 17, ಭಾನುವಾರ. ಸಂಜೆ 5

ಬೀದಿಯಲ್ಲಿ ಮಗಳು ಕೂಗಿದ್ದು ಇಲ್ಲಿಗೇ ಕೇಳಿತು. "ಪುಢಾರೀ!" ಕೊನೆಗೆ ಹರಿದ ದನಿ. ನಾಯಿ ಎಲ್ಲಿಂದಲೋ ಮೂರು ಕಾಲಲ್ಲಿ ಓಡಿ ಬಂದು ಅವಳ ಮೈಮೇಲೆ ಬಿತ್ತು. ಕಿಟಕಿಯಿಂದ ನೋಡಿದೆ. ಅವಳು ಮಣ್ಣಿನಲ್ಲಿ ಕೂತು ಅಳುತ್ತಿದ್ದಳು, ನಗುತ್ತಿದ್ದಳು, ಪಟ್ಟಿ ಕಟ್ಟುತ್ತಿದ್ದಳು.

ಒಳಗೆ ಬಂದಳು. ಕೈ ತುಂಬ ಮಣ್ಣು. ನಾಯಿಯನ್ನೂ ಹೊಸ್ತಿಲವರೆಗೆ ಕರೆತಂದಿದ್ದಾಳೆ.

"ಮ್ಮೋ, ಈಗ ನೀನು ಕೂಗು. ಬರತ್ತಾ ನೋಡೋಣ."

"ಬೇಡ." ಪಿಸುಮಾತಿನಲ್ಲಿ ಅಂದೆ.

"ಕೂಗಮ್ಮಾ. ತಪ್ಪಾದ್ರೂ ಪರವಾಗಿಲ್ಲ. ಬೇಗ ಹೇಳು, ಕಾಯಬೇಡ."

ನಾಯಿ ಕಿವಿ ಎತ್ತಿ ನನ್ನನ್ನೇ ನೋಡುತ್ತಿದೆ. ಮಗಳೂ. ಒಂದು ನಿಮಿಷ ಇರು, ಇದೊಂದು ಸಾಲು ಬರೆದು ಏಳುತ್ತೇನೆ ಎಂದು ಸನ್ನೆ ಮಾಡಿದ್ದೇನೆ. ನನ್ನ ದನಿ ಹೇಗಿರಬಹುದು? ಅಕ್ಕನಿಗೆ ಗೊತ್ತಿಲ್ಲ. ಅಮ್ಮ ಇಲ್ಲ.

ಬಾಯಿ ತೆರೆದೆ. ಮೊದಲು ಆ ಸಣ್ಣ ಉಸಿರು ಬಂತು. ಆಮೇಲೆ —