ಕೆಳಗಿಳಿಯದ ಎಡಗೈ

ಬೆಂಗಳೂರು, ಸೆಪ್ಟೆಂಬರ್ 2006

ಸಂಡೂರಿನ ಅಣ್ಣನಿಗೆ ತಂಗಿ ಶಾಂಭವಿಯ ಶರಣು. ಫೋನಿನಲ್ಲಿ ಬೈದೆಯಲ್ಲ, ಅದಕ್ಕೆ ಉತ್ತರವನ್ನು ಬೇಕೆಂದೇ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಅಂಚೆಯವನೂ ಓದಲಿ.

ಇಲ್ಲಿನ ಧ್ಯಾನದ ತರಗತಿಯಲ್ಲಿ ಬುದ್ಧನ ಮೂರ್ತಿಯೆದುರು ಎಲ್ಲರೂ ಕೈಗಳನ್ನು ಮಡಿಲಲ್ಲಿಟ್ಟು ಕೂರುತ್ತಾರೆ. ಕಣ್ಣು ಮುಚ್ಚಿದ್ದೇ ತಡ, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವ ಮನೆಯ ರೂಢಿಗೆ ನನ್ನ ಎಡಗೈ ತಾನಾಗಿ ಎದೆಮಟ್ಟಕ್ಕೆ ಏಳುತ್ತದೆ. ಕಲಿಸುವ ಮೇಡಂ ಅದನ್ನು ಮೆಲ್ಲಗೆ ಇಳಿಸಿದರು, ಮತ್ತೆ ಎದ್ದಿತು.

"ಹಿಂಗ ಕುಂದ್ರೋದು ನಮ್ಮಪ್ಪ ಕಲಿಸ್ಯಾನ್ರಿ. ಈ ಕೈ ಇಳಿಯಂಗಿಲ್ಲ" ಅಂದೆ.

"ಸರಿ, ಹಾಗೇ ಕೂತ್ಕೊಳ್ಳಿ" ಅಂದರು ಅವರು.

ನೀನು ಮಾತ್ರ ಧರ್ಮ ಕೆಟ್ಟಿತು ಅನ್ನುತ್ತೀಯ. ಅಪ್ಪ ಪೂಜೆಗೆಂದು ಬೆಳೆಸಿದ ಹೂದೋಟವನ್ನು ನೀನು ಅದಿರು ಲಾರಿ ನಿಲ್ಲಿಸಲು ಕೊಟ್ಟಾಗ ಕೆಡದ ಧರ್ಮ, ನಾನು ಸುಮ್ಮನೆ ಕೂತರೆ ಕೆಡುತ್ತದೆಯೇ?

ಆ ಲಾರಿಗಳ ಧೂಳಿಗೆ ಹತ್ತಿದ ಕೆಮ್ಮು ಇಲ್ಲಿ ಅರ್ಧ ಇಳಿದಿದೆ. ಕಷಾಯದ ಪುಡಿ ಕಳಿಸುವುದು ಬೇಡವೆಂದು ಅತ್ತಿಗೆಗೆ ಹೇಳು.

ದೀಪಾವಳಿಗೆ ಬರುತ್ತೇನೆ. ಬುದ್ಧನ ಮುಂದೆ ಕೂತವಳನ್ನು ದೇವರ ಕೋಣೆಗೆ ಬಿಡುವುದಿಲ್ಲ ಅಂದೆಯಲ್ಲ, ಬೀಗ ಹಾಕಿಕೋ. ನನ್ನ ಲಿಂಗ ನನ್ನ ಕೊರಳಲ್ಲೇ ಇದೆ.