ನಾವು ಮನಸಾರೆ ಬಿಟ್ಟುಕೊಟ್ಟ ಸೀಟು

ವಿಮಾನ ಸಂಸ್ಥೆಯ ಕುಂದುಕೊರತೆ ಅಧಿಕಾರಿಗಳೇ,

ಟಿಕೆಟ್ ಖಚಿತವಾಗಿದ್ದರೂ ಕಳೆದ ತಿಂಗಳು ನನ್ನನ್ನೂ ನನ್ನ ಹೆಂಡತಿ ಆಂಡಾಳ್‌ಳನ್ನೂ ನೀವು ಪುಣೆಯ ವಿಮಾನ ಹತ್ತಿಸಲಿಲ್ಲ. ದೂರು ಕೊಟ್ಟರೆ, ‘ಪ್ರಯಾಣಿಕರಿಬ್ಬರೂ ಸ್ವಇಚ್ಛೆಯಿಂದ ಸೀಟು ಬಿಟ್ಟುಕೊಟ್ಟಿದ್ದಾರೆ, ಸಹಿಗಳ ಪ್ರತಿ ಲಗತ್ತಿಸಿದೆ’ ಎಂದು ಬರೆದಿರಿ. ಹೇಳಲು ನಾಚಿಕೆಯಾಗುತ್ತದೆ, ನಾನು ಚಾಮರಾಜಪೇಟೆಯಲ್ಲಿ ನೋಟರಿ. ಬಂದವರಿಗೆಲ್ಲ ‘ಓದದೆ ಸಹಿ ಹಾಕ್ಬೇಡ್ರೀ’ ಎಂದು ಗದರುವವನು.

ಹಿಂದಿನ ಸಂಜೆ ಆಂಡಾಳ್‌ಳ ತಂಗಿ ಚೂಡಾಮಣಿ ಪುಣೆಯಲ್ಲಿ ತೀರಿಕೊಂಡಿದ್ದಳು. ಅಂತ್ಯಕ್ರಿಯೆಗೆ ಮಧ್ಯಾಹ್ನ ಎರಡರವರೆಗೆ ಕಾಯುತ್ತೇವೆ ಎಂದು ಅಲ್ಲಿನ ಮನೆಯವರು ಹೇಳಿದ್ದರು. ನಿಮ್ಮ ಕೌಂಟರಿನ ಹುಡುಗಿ ನಗುನಗುತ್ತಲೇ, ‘ಫುಲ್ ಆಗಿದೆ ಅಂಕಲ್. ಇಲ್ಲೆರಡು ಸೈನ್ ಮಾಡ್ಬಿಡಿ, ಸಂಜೆ ಫ್ಲೈಟಿಗೆ ಹಾಕ್ತೀನಿ’ ಎಂದಳು.

‘ನನ್ನ ತಂಗಿ ಮುಖ ನೋಡ್ಬೇಕು ಕಣಮ್ಮ. ಸಂಜೆ ಹೋಗಿ ಏನ್ ನೋಡ್ಲಿ?’ ಎಂದು ಆಂಡಾಳ್ ದನಿ ಏರಿಸಿದಳು. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ನಾನು ಗದರಿದ್ದು ಯಾರನ್ನು ಗೊತ್ತೇ? ಅವಳನ್ನು. ‘ಜನ ನೋಡ್ತಿದಾರೆ, ಸುಮ್ನಿರೇ.’

ಸೀಟಿಗಿಂತ ಹೆಚ್ಚು ಟಿಕೆಟ್ ಮಾರಿದವರು ನೀವು. ಒಪ್ಪದವರನ್ನು ಬಿಟ್ಟುಹೋದರೆ ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಡಬೇಕು, ಇಲ್ಲವೇ ಪರಿಹಾರ ಕೊಡಬೇಕು ಎನ್ನುತ್ತದೆ ನಿಯಮ. ಒಪ್ಪಿದೆ ಎಂದು ಬರೆಸಿಕೊಂಡರೆ ಆ ತಲೆನೋವಿಲ್ಲ. ಹೀಗಾಗಿ ಬೇರೆ ಮಾತಿಗೆ ಮುಂಚೆ ಕಾಗದ ಮುಂದಿಡುತ್ತೀರಿ, ಅಲ್ಲವೇ? ಮರ್ಯಾದಸ್ಥರು ನಾಲ್ಕು ಜನರ ಮುಂದೆ ಜಗಳಕ್ಕಿಳಿಯುವುದಿಲ್ಲ ಎಂಬ ಭರವಸೆಯ ಮೇಲೆ ನಿಮ್ಮ ವ್ಯವಹಾರ ನಡೆಯುತ್ತದೆ. ನಾನು ಆ ಭರವಸೆಯನ್ನು ಚೆನ್ನಾಗಿಯೇ ಉಳಿಸಿಕೊಟ್ಟೆ.

ನಾವು ಪುಣೆ ಮುಟ್ಟುವಾಗ ಮನೆ ತೊಳೆದು, ಚೂಡಾಮಣಿಯನ್ನು ಮಲಗಿಸಿದ್ದ ಜಾಗದಲ್ಲಿ ದೀಪ ಇಟ್ಟಿದ್ದರು. ಆಂಡಾಳ್ ಅದರ ಪಕ್ಕ ಕುಳಿತಳು. ನಿಮ್ಮ ಉತ್ತರ ಬಂದ ದಿನ ಅವಳು ಅದನ್ನು ಎರಡು ಸಲ ಓದಿ, ‘ನಾನ್ಯಾವಾಗ ಬಿಟ್ಕೊಟ್ಟೆ ರೀ?’ ಎಂದು ಕೇಳಿದಳು. ಆಗ ನಾನು ಎದ್ದು ಹಿತ್ತಲಿಗೆ ಹೋದೆ.

ಪರಿಹಾರ ನಿಯಮದಂತೆ ಕೊಡಿ. ಅದಕ್ಕೂ ಮೊದಲು, ‘ನಿಮ್ಮ ಇಚ್ಛೆಗೆ ವಿರುದ್ಧವಾಗಿ ನಿಮ್ಮನ್ನು ಬಿಟ್ಟುಹೋದೆವು’ ಎಂದು ಆಂಡಾಳ್ ಹೆಸರಿಗೇ ಪತ್ರ ಬರೆಯಿರಿ. ‘ಸಹಿ ಇದೆಯಲ್ಲ’ ಎನ್ನಬೇಡಿ. ಲಗತ್ತಿಸಿದ ಹಾಳೆಯನ್ನು ಇನ್ನೊಮ್ಮೆ ನೋಡಿ. ಅವಳು ಪೆನ್ನು ಮುಟ್ಟಲಿಲ್ಲ. ಎರಡೂ ಸಹಿ ನಾನೇ ಹಾಕಿದ್ದು. ಇದಕ್ಕೆ ನನ್ನ ನೋಟರಿ ಮೊಹರು ಹೋಗುವುದಾದರೆ ಹೋಗಲಿ. ಎಲ್ಲಿಗೆ ಕರೆದರೂ ಬಂದು ಹೇಳುತ್ತೇನೆ, ಈ ಸಲ ಜನರು ನೋಡಲಿ.

ಇಂತಿ,
ಹೆಂಡತಿಯ ಒಪ್ಪಿಗೆಯನ್ನು ತಾನೇ ಬರೆದುಕೊಟ್ಟ
ಮಧುಸೂದನ್, ಚಾಮರಾಜಪೇಟೆ